ನೂರು ವರ್ಷ ನಿಂತವಳ ಕಾಲು ನೋಯಲಿಲ್ಲವೇ?

ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಲೆಯೆತ್ತಿದ ಅನುಪಮಾ ಅಲ್ಲೇ ನಿಂತುಬಿಟ್ಟಳು.

ಅವನು!

ಎದುರಿನ ಕುರ್ಚಿಯಲ್ಲಿ ಅಭಿರಾಮ ಕೂತಿದ್ದ. ಅವನ ಕೈಯಲ್ಲಿ ‘ನೀಲದುರ್ಗದ ಬಾಗಿಲು’ ಕಾದಂಬರಿಯಿತ್ತು. ಅವಳನ್ನು ಕಂಡೊಡನೆ ಅವನ ಮುಖ ಬಿಳುಚಿಕೊಂಡಿತು.

“ಎಷ್ಟು ಲೇಟು ಕಣೇ! ಬಾ, ಕೂತ್ಕೊ.” ಸುಚಿತ್ರಾ ಪಿಸುಗುಟ್ಟಿ ಜಾಗ ಮಾಡಿಕೊಟ್ಟಳು. ಅವಳೂ ಅನುಪಮಾಳೂ ಒಂದೇ ಶಾಲೆಯಲ್ಲಿ ಟೀಚರ್. ಜಯಲಕ್ಷ್ಮಿಪುರಂನ ಈ ಮನೆ ಸುಚಿತ್ರಾಳದು. ತಿಂಗಳಿಗೊಮ್ಮೆ ಇಲ್ಲಿ ಓದುಗರು ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತಾರೆ. ಒಂದು ಸಲ ಬಂದು ನೋಡು ಎಂದು ಅವಳು ಗಂಟುಬಿದ್ದಿದ್ದರಿಂದ ಅನುಪಮಾ ಬಂದಿದ್ದಳು.

“ಅವರು... ಅವರು ಯಾಕೆ ಇಲ್ಲಿದ್ದಾರೆ?”

“ಈ ಕಾದಂಬರಿ ಬರೆದ ಧರಣಿ ಅವ್ರೇ ಕಣೇ! ಧರಣಿ ಅನ್ನೋದು ಕಾವ್ಯನಾಮ ಅಂತೆ. ನಾನೂ ಯಾರೋ ಹುಡುಗಿ ಬರೆದಿದ್ದು ಅಂದ್ಕೊಂಡಿದ್ದೆ.”

ಧರಣಿ! ದಿನವೂ ತನ್ನ ಬಡಾವಣೆ ಕೆಸರೆಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಮೊಬೈಲಿನಲ್ಲಿ ಅಧ್ಯಾಯ ಅಧ್ಯಾಯವಾಗಿ ಓದಿದ್ದ ಆ ಕತೆ ಅಭಿರಾಮನದೇ?

ಎರಡು ವರ್ಷದ ಹಿಂದೆ, ‘ಮನೇಲಿ ನಮ್ಮ ವಿಷಯ ಹೇಳ್ತೀನಿ’ ಎಂದು ಹೋದವನು ಮತ್ತೆ ಒಂದು ಮಾತೂ ಆಡಿರಲಿಲ್ಲ. ಫೋನಿಲ್ಲ, ಮೆಸೇಜಿಲ್ಲ. ಮೊದಮೊದಲು ಅವಳು ಅತ್ತಳು. ಆಮೇಲೆ ಅಳುವುದಕ್ಕೂ ಬೇಸರವಾಯಿತು.

ಈಗ ಎದ್ದು ಹೋಗಬೇಕೆನಿಸಿತು. ಆದರೆ ಬೆಳಗಿನಿಂದ ನಿಂತು ಪಾಠ ಮಾಡಿದ ಕಾಲುಗಳು ಏಳಲು ಒಪ್ಪಲಿಲ್ಲ.

ಒಬ್ಬೊಬ್ಬರೇ ಕಾದಂಬರಿಯನ್ನು ಹೊಗಳುತ್ತಿದ್ದರು. ನೀಲದುರ್ಗದ ರಾಜಕುಮಾರನಿಗೊಂದು ಶಾಪ. ಪ್ರೀತಿಯ ಮಾತನ್ನು ಬಾಯಿಬಿಟ್ಟು ಹೇಳಿದರೆ ಕೇಳಿದವಳು ಕಲ್ಲಾಗುತ್ತಾಳೆ. ಅದಕ್ಕೇ ಅವನು ಮೌನಿ. ಅವನಿಗಾಗಿ ಮೇಘಿನಿ ಎಂಬ ಹುಡುಗಿ ಕೋಟೆಯ ಬಾಗಿಲಲ್ಲಿ ನೂರು ವರ್ಷ ಕಾಯುತ್ತಾಳೆ, ಒಂದು ಕೂದಲೂ ನರೆಯದೆ.

“ನಾನಂತೂ ಅತ್ತುಬುಟ್ಟೆ ಕಣ್ರೀ!” ಎಂದಳು ಸುಚಿತ್ರಾ.

ಸಭೆ ನಡೆಸುತ್ತಿದ್ದ ವಯಸ್ಸಾದ ಮೇಡಂ ಅನುಪಮಾಳತ್ತ ತಿರುಗಿದರು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು, ಹೆಸರು ಅಲಮೇಲು. “ತಡವಾಗಿ ಬಂದವರು ನೀವೊಬ್ಬರೇ ಉಳಿದಿದ್ದೀರಿ. ಹೇಳಮ್ಮ, ನಿಮಗೇನನ್ನಿಸ್ತು?”

‘ಚೆನ್ನಾಗಿದೆ ಅಂದು ಮುಗಿಸಿಬಿಡಲಾ?’ ಎಂದುಕೊಂಡಳು. ಆದರೆ ಬಾಯಿಗೆ ಬಂದದ್ದೇ ಬೇರೆ.

“ನೂರು ವರ್ಷ ನಿಂತಳಲ್ಲ ಮೇಡಂ, ಆ ಹುಡುಗಿಗೆ ಕಾಲು ನೋಯಲಿಲ್ವಾ?”

ಯಾರೋ ನಕ್ಕರು. ಅಲಮೇಲು ನಗಲಿಲ್ಲ.

“ಕೋಟೆಯೊಳಗೆ ಅವನ ದುಃಖಕ್ಕೆ ಪುಟಗಟ್ಟಲೆ ಜಾಗ ಇದೆ. ಹೊರಗೆ ನಿಂತವಳಿಗೆ ಹಸಿವಾಯ್ತಾ, ನಿದ್ದೆ ಬಂತಾ, ಮನೆಗೆ ಹೋಗ್ಬೇಕು ಅನ್ನಿಸ್ತಾ... ಬರೆದವರು ಒಂದು ಸಲಾನೂ ಕೇಳಿಲ್ಲ. ಅವಳು ಸುಸ್ತಾಗೋದೇ ಇಲ್ಲ. ಅಂಥ ಹುಡುಗೀರು ಇರಲ್ಲ ಮೇಡಂ.”

ಅವಳು ಮೊದಲ ಬಾರಿಗೆ ನೇರವಾಗಿ ಅಭಿರಾಮನತ್ತ ನೋಡಿದಳು.

“ನೀವೇ ಹೇಳಿ. ಶಾಪ ಅವನಿಗೆ. ಕಲ್ಲಾಗೋದು ಬಿಡೋದು ಅವಳ ಇಷ್ಟ ಅಲ್ವಾ? ಅವಳನ್ನ ಒಂದು ಮಾತು ಕೇಳೋಕಾಗ್ಲಿಲ್ವಾ ನಿಮಗೆ?”

ಅಭಿರಾಮನ ತುಟಿ ಅಲುಗಿತು. ಅಷ್ಟೇ. ಅವನು ತಲೆ ತಗ್ಗಿಸಿದ.

ಇಷ್ಟು ಜನರ ಮುಂದೆ, ಇಷ್ಟು ನೇರವಾಗಿ ಕೇಳಿದರೂ... ಮತ್ತೆ ಅದೇ ಮೌನ!

ಅನುಪಮಾ ಬ್ಯಾಗು ಎತ್ತಿಕೊಂಡಳು. “ನಾನು ಬರ್ತೀನಿ.”

“ಅಯ್ಯೋ ಅನು, ನಿಲ್ಲೇ!” ಸುಚಿತ್ರಾ ಕೈ ಹಿಡಿದಳು. “ಓದುಗರೆಲ್ಲ ಮುಗಿಸೋವರೆಗೂ ಲೇಖಕರು ಬಾಯಿ ಬಿಡಂಗಿಲ್ಲ. ಇಲ್ಲಿನ ನಿಯಮ ಅದು. ನೀನು ಬರೋ ಮುಂಚೆ ಹೇಳಿದ್ರು...”

ಅನುಪಮಾ ಕೈ ಬಿಡಿಸಿಕೊಂಡಳು. ನಿಯಮ! ಇವನಿಗೆ ಯಾವಾಗಲೂ ಒಂದಲ್ಲ ಒಂದು ನಿಯಮ ಸಿಕ್ಕೇ ಸಿಗುತ್ತದೆ.

ಅವಳು ಬಾಗಿಲು ದಾಟುವಷ್ಟರಲ್ಲಿ ಹಿಂದೆ ಕುರ್ಚಿ ಸರಿದ ಸದ್ದಾಯಿತು.

“ಅನೂ!”

“ಅಭೀ,” ಅಲಮೇಲು ಗದರಿದರು, “ಆಕೆ ಮಾತು ಇನ್ನೂ ಮುಗಿದಿಲ್ಲ.”

“ಅಮ್ಮ, ಇವಳೇ ಅನುಪಮಾ. ಕೆಸರೆಯ ಅನುಪಮಾ.”

ಅಮ್ಮ?! ಹೊಸ್ತಿಲಲ್ಲೇ ಅನುಪಮಾ ತಿರುಗಿ ನಿಂತಳು. ಅಭಿರಾಮ ಬಾಗಿಲ ಬಳಿ ಬಂದ.

“ಅವತ್ತು ಮನೇಲಿ ಹೇಳಿದೆ ಅನು. ಕೆಸರೆ ಹುಡುಗಿ ಅಂದಿದ್ದೇ ತಡ, ಆ ಬಡಾವಣೆಯವರು ನಮಗೆ ಸರಿಹೋಗಲ್ಲ ಅಂದ್ರು, ಅಮ್ಮ ಮುಂದಕ್ಕೆ ಕೇಳಲೇ ಇಲ್ಲ. ಅವರನ್ನ ಒಪ್ಪಿಸಿಕೊಂಡೇ ನಿನ್ನ ಹತ್ರ ಬರೋಣ ಅಂತಿದ್ದೆ. ಆಗ್ಲಿಲ್ಲ. ಆಮೇಲೆ ಯಾವ ಮುಖ ಇಟ್ಕೊಂಡು ಬರಲಿ ಅಂತ...”

“ಆಗ್ಲಿಲ್ಲ ಅನ್ನೋದನ್ನೇ ಹೇಳಬಹುದಿತ್ತಲ್ಲ ಅಭಿ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು. “ಅತ್ತು ಸುಮ್ಮನಾಗ್ತಿದ್ದೆ. ಇಲ್ಲಾ ನಿನ್ನ ಪಕ್ಕ ನಿಂತು ಜಗಳ ಆಡ್ತಿದ್ದೆ. ಎರಡರಲ್ಲಿ ಒಂದನ್ನ ನಾನೇ ಆರಿಸ್ಕೊಳ್ತಿದ್ದೆ.”

“ಶಾಪ ಗೀಪ ಎಲ್ಲಾ ಕತೆ ಕಟ್ಟಿದ್ದು ಅನು. ಇದ್ದಿದ್ದು ಭಯ. ನೀನು ಬೇಡ ಅಂದುಬಿಡ್ತೀಯ ಅಂತ.”

ಅಲಮೇಲು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದರು. “ಈ ಹುಡುಗಿ ಮಾತು ನಾನು ಇವತ್ತೇ ಕೇಳಿದ್ದು. ಅವತ್ತೇ ಕೇಳಬೇಕಿತ್ತು. ನನಗೂ ಸ್ವಲ್ಪ ಸಮಯ ಬೇಕಮ್ಮ.”

ಅದು ಒಪ್ಪಿಗೆಯಲ್ಲ ಎಂದು ಅನುಪಮಾಳಿಗೆ ಗೊತ್ತಿತ್ತು. ಆದರೂ ಅದು ಮಾತು. ಅವಳು ಮೇಡಂಗೆ ಕೈ ಮುಗಿದು ಹೊರಗೆ ಬಂದಳು.

ರಸ್ತೆಯಲ್ಲಿ ಸಂಜೆಗೆಂಪು. ಅಭಿರಾಮ ಓಡಿ ಬಂದು ಅವಳ ಪಕ್ಕ ನಡೆಯತೊಡಗಿದ.

“ನನ್ನ ಹಿಂದೆ ಬಂದ್ಬುಟ್ಟೆಯಲ್ಲ, ನಿಮ್ಮಮ್ಮ?”

“ಅವರಿಗೆ ಸಮಯ ಬೇಕಂತೆ. ತಗೊಳ್ಳಲಿ. ನಾನು ಇನ್ನು ಕಾಯಲ್ಲ.” ಅವನು ನಿಂತ. “ನಿನ್ನನ್ನ ಪ್ರೀತಿಸ್ತೀನಿ ಅನು. ಬೇಡ ಅನ್ನೋದಿದ್ರೆ ಈಗಲೇ ಅಂದ್ಬಿಡು. ಕೇಳಿಸ್ಕೊಳ್ತೀನಿ.”

ಬೇಡ ಅನ್ನುವುದು ಸುಲಭವಿತ್ತು. ಎರಡು ವರ್ಷ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡಿದ್ದಳು. ಈಗ ಮಾತ್ರ ಆ ಪದ ಬರಲಿಲ್ಲ. ಕಣ್ಣೀರು ಬಂತು.

“ನೀನು ಏನೂ ಹೇಳಲಿಲ್ಲ ಅಂತಲೇ ನಮ್ಮವ್ವಂಗೆ ಇವತ್ತಿಗೂ ನಿನ್ನ ಮೇಲೆ ಕೋಪ,” ಎಂದಳು ಕೊನೆಗೆ, ಕೆನ್ನೆ ಒರೆಸಿಕೊಳ್ಳುತ್ತಾ.

“ಈಗಲೇ ಬಂದು ಹೇಳ್ತೀನಿ.”

“ಬಯ್ತಾಳೆ.”

“ಬಯ್ಲಿ.”

“ನಮ್ಮವ್ವ ಸಿದ್ದಲಿಂಗಮ್ಮ ಬೈದ್ರೆ ಇಡೀ ಬೀದಿಗೆ ಕೇಳತ್ತೆ ಕಣೋ.”

“ಕೇಳ್ಲಿ ಅನು,” ಎಂದ ಅವನು, ಅವಳ ಭುಜದಿಂದ ಬ್ಯಾಗನ್ನು ಮೆಲ್ಲಗೆ ತನ್ನ ಭುಜಕ್ಕೆ ಹಾಕಿಕೊಳ್ಳುತ್ತಾ. “ಎಲ್ಲರಿಗೂ ಕೇಳ್ಲಿ.”