ಬ್ರೇಕಿನ ದಾರಗಳು

"ಅದು ಬೇಡ," ಅಂದ ಅವನು, ಹೊಲಿಗೆಯಿಂದ ತಲೆ ಎತ್ತದೆಯೇ.

ಅವಳಿನ್ನೂ ಬಾಯಿ ತೆರೆದಿರಲಿಲ್ಲ. ಸೂರಿಗೆ ತೂಗುಹಾಕಿದ್ದ ಕೆಂಪು ಪಟವನ್ನು ಕಣ್ಣೆತ್ತಿ ನೋಡಿದ್ದಳು, ಅಷ್ಟೆ. ಉದ್ದನೆಯ, ತೆಳ್ಳನೆಯ ಪಟ. ನಿಂತಲ್ಲೇ ಹೊರಟುಹೋಗುವಂತಿತ್ತು.

"ನಾನೇನು ಕೇಳಿದೆ ಅಂತ ಬೇಡ ಅಂತೀರಿ?"

"ಇಲ್ಲಿಗೆ ಬಂದವರೆಲ್ಲ ಮೊದಲು ಅದನ್ನೇ ನೋಡ್ತಾರೆ."

ಡೇರೆ, ಟಾರ್ಪಾಲು, ಗಾಳಿಪಟ ಹೊಲಿಯುವ ಅಂಗಡಿ ಅದು. ಒಂದು ಮೆಷಿನ್ನಿನ ಮುಂದೆ ಅವನು, ಇನ್ನೊಂದರ ಮುಂದೆ ಅವನ ತಾಯಿ. ಅವಳು ಡ್ಯೂಟಿ ಮುಗಿಸಿ ಬಸ್ ಡ್ರೈವರಿನ ಸಮವಸ್ತ್ರದಲ್ಲೇ ಬಂದಿದ್ದಳು. ಊರಾಚೆಯ ಒಣಗಿದ ಕೆರೆಯಂಗಳದಲ್ಲಿ ಕೆಲವರು ಮೂರು ಚಕ್ರದ ಬಗ್ಗಿಯಲ್ಲಿ ಕೂತು, ದೊಡ್ಡ ಪಟದಿಂದ ಎಳೆಸಿಕೊಂಡು ಓಡುವುದನ್ನು ನೋಡಿದ್ದಳು. ತನಗೂ ಅದು ಬೇಕು ಅಂದಳು.

"ಪಟ ಹಿಡಿದು ಅಭ್ಯಾಸ ಇದೆಯಾ?"

"ಬಸ್ಸಿನ ಸ್ಟಿಯರಿಂಗ್ ಹಿಡಿದಿದ್ದೀನಿ. ಸಾಲದಾ?"

"ಬಸ್ಸಾದ್ರೆ ನಿಮ್ಮ ಮಾತು ಕೇಳುತ್ತೆ."

"ಒಂದಿನ ನಮ್ಮ ಡಿಪೋಗೆ ಬಂದು ನೋಡಿ."

ತಾಯಿ ಕಿಸಕ್ಕನೆ ನಕ್ಕರು. ಆಗ ಅವನು ತಲೆ ಎತ್ತಿದ. ನೋಡಿದವನು ಕಣ್ಣನ್ನು ತಕ್ಷಣ ವಾಪಸ್ ತೆಗೆದುಕೊಳ್ಳಲಿಲ್ಲ. ಸೂಜಿಯಡಿಯ ಬಟ್ಟೆ ಒಂದಿಷ್ಟು ಸೊಟ್ಟಗೆ ಹೋಯಿತು.

ಕಪಾಟಿನಿಂದ ಅವನು ತೆಗೆದದ್ದು ಒಂದು ಗಿಡ್ಡ, ಹೊಟ್ಟೆಯಗಲದ ನೀಲಿ ಪಟ.

"ಇದು ಕ್ಷಮಿಸೋ ಪಟ."

"ಪಟಾನೂ ಕ್ಷಮಿಸುತ್ತಾ?"

"ಕೆಲವು. ಆ ಕೆಂಪು ಒಂದು ತಪ್ಪನ್ನೂ ಸಹಿಸಲ್ಲ. ಗಾಳಿ ತಪ್ಪಿತೋ, ಮಡಚಿಕೊಳ್ಳುತ್ತೆ. ಮತ್ತೆ ಬಿಚ್ಚಿಕೊಂಡಾಗ ನಿಮ್ಮನ್ನ ಕಿತ್ಕೊಂಡು ಹೋಗುತ್ತೆ. ಇದು ನಿಧಾನಕ್ಕೆ ತಿರುಗುತ್ತೆ. ನೀವು ತಪ್ಪಾಗಿ ಎಳೆದ್ರೂ ಸರಿಮಾಡ್ಕೊಳ್ಳೋಕೆ ಒಂದು ಗಳಿಗೆ ಕೊಡುತ್ತೆ."

"ಆದ್ರೂ ಇಷ್ಟು ಚಿಕ್ಕದಾ?"

"ಕೆರೆಯಂಗಳಕ್ಕೆ ಗಾಳಿ ಗುಡ್ಡ ಹತ್ತಿಳಿದು ಬರುತ್ತೆ. ತುಂಡು ತುಂಡಾಗಿ. ಈಗ ಸತ್ತ ಹಾಗಿರುತ್ತೆ, ಆಮೇಲೆ ಒದೆಯುತ್ತೆ. ಪಟದ ಅಳತೆ ಆರಿಸಬೇಕಾದ್ದು ಆ ಒದೆತ ನೋಡ್ಕೊಂಡು."

"ನನ್ನ ಮಗ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನ ನಾನು ಕೇಳೇ ಇಲ್ಲ ಕಣಮ್ಮ," ಅಂದರು ತಾಯಿ. "ನಾಳೇನೂ ಬಾ."

ಅವಳು ಬಂದಳು. ರಜೆಯ ದಿನಗಳೆಲ್ಲ ಕೆರೆಯಂಗಳದ ಪಾಲಾದವು. ಮೊದಲು ಬಗ್ಗಿ ಇಲ್ಲದೆ, ನಿಂತು, ಬರಿ ಪಟ. ನಾಲ್ಕು ದಾರ. ಮೇಲಿನೆರಡು ಎಳೆತಕ್ಕೆ, ಕೆಳಗಿನೆರಡು ಬ್ರೇಕಿಗೆ. ಅವನು ಬೆನ್ನ ಹಿಂದೆ ನಿಂತು ಅವಳ ಮೊಣಕೈಯನ್ನು ಎರಡೇ ಬೆರಳಲ್ಲಿ, ಹಸಿ ಬಣ್ಣ ಮುಟ್ಟಿದಂತೆ ಮುಟ್ಟಿ ತಿದ್ದುತ್ತಿದ್ದ. ತಿದ್ದುವುದಕ್ಕೇನೂ ಇಲ್ಲದಾಗಲೂ ಅವಳು ಮೊಣಕೈ ಸ್ವಲ್ಪ ಸೊಟ್ಟಗೇ ಹಿಡಿಯತೊಡಗಿದಳು.

"ಇದನ್ನ ಯಾಕೆ ಕಲೀಬೇಕು ಅನ್ನಿಸ್ತು?" ಒಮ್ಮೆ ಕೇಳಿದ.

ಅವಳು ಹೇಳಿದಳು. ಗುಡ್ಡದ ದಾರಿಯಲ್ಲಿ ವರ್ಷಗಟ್ಟಲೆ ಬಸ್ಸಿಗೆ ಒಂದು ಗೀರೂ ಬೀಳದಂತೆ ಓಡಿಸಿದವಳು. ಒಬ್ಬ ಗಂಡಸು ತಿರುವಿನಲ್ಲಿ ಬಸ್ಸನ್ನು ಚರಂಡಿಗಿಳಿಸಿದ. ಡಿಪೋ ಮ್ಯಾನೇಜರ್ ಗುಡ್ಡದ ದಾರಿಯಿಂದ ತೆಗೆದದ್ದು ಹೆಂಗಸರನ್ನು. ನಿಮ್ಮ ಒಳ್ಳೇದಕ್ಕೇ, ಅಂದ. ಹೆಂಗಸರೆಲ್ಲ ಗೇಟಿನ ಮುಂದೆ ಕೂತರು, ಕೂಗಿದರು. ಗೇಟಿಗೆ ಕಿವಿಯಿಲ್ಲ. ಈಗ ಊರೊಳಗಿನ ಸುತ್ತು ಬಸ್ಸು ಓಡಿಸುತ್ತಿದ್ದಳು, ಗಾಣದೆತ್ತಿನ ಹಾಗೆ.

"ನನ್ನ ಬ್ರೇಕಿನ ಮೇಲೆ ಇನ್ನೊಬ್ಬರ ಕಾಲು ಇಲ್ಲದ ಜಾಗ ಒಂದು ಬೇಕಿತ್ತು," ಅಂದಳು. "ಅದಕ್ಕೇ."

ಅವನು ತಲೆ ತಗ್ಗಿಸಿದ. ಮಣ್ಣು ನೋಡುತ್ತ ನಿಂತ.

ಬಗ್ಗಿಯಲ್ಲಿ ಕೂತ ಮೇಲೆ ಅವಳಿಗೆ ಏನೋ ಸರಿಬರಲಿಲ್ಲ. ಉಳಿದವರ ಬಗ್ಗಿಗಳು ಸೀಟಿ ಹೊಡೆದಂತೆ ಹಾದುಹೋದರೆ ತನ್ನದು ತೆವಳುತ್ತಿತ್ತು. ಕೈ ಬಾರದವಳು ನಾನೇ ಅಂದುಕೊಂಡಳು. ಆಮೇಲೊಂದು ದಿನ ಗುಡ್ಡದ ಕಡೆಯಿಂದ ಜೋರಾದ ಹೊಡೆತ ಬಂತು. ನೀಲಿ ಪಟ ಮುಂದೆ ಹೋಗುವ ಬದಲು ಹಿಂದಕ್ಕೆ ಕುಸಿಯಿತು, ಉರುಳಿತು, ನಟ್ಟನಡುಗಾಳಿಯಲ್ಲಿ ಎದ್ದು ಬಗ್ಗಿಯನ್ನು ಅಡ್ಡಕ್ಕೆ ಎಳೆದು ಮಗುಚಿ ಹಾಕಿತು.

ಮೊಣಕೈ ತರಚಿ ರಕ್ತ ಬಂತು. ಅವನು ಎಲ್ಲಿಂದಲೋ ಓಡಿಬಂದ. ಅವಳು ಅವನತ್ತ ನೋಡಲೇ ಇಲ್ಲ. ಹ್ಯಾಂಡ್‌ಬ್ರೇಕ್ ಅರ್ಧ ಎಳೆದಿಟ್ಟೇ ಬಸ್ಸನ್ನು ಓಡಿಸಿದರೆ ಹೇಗಿರುತ್ತದೆಂದು ಅವಳ ಮೈಗೆ ಗೊತ್ತಿತ್ತು. ದಾರಗಳನ್ನು ಬೆರಳಲ್ಲಿ ಸವರುತ್ತ ಬಂದಳು. ಬ್ರೇಕಿನ ಆ ಕೆಳಗಿನೆರಡು ದಾರ, ಹ್ಯಾಂಡಲಿನ ಹತ್ತಿರ, ಎರಡು ಗಂಟಿನಷ್ಟು ಗಿಡ್ಡ. ಜಾರದಂತೆ ಮೇಲೊಂದು ಅಚ್ಚುಕಟ್ಟಾದ ಹೊಲಿಗೆ. ಅಂಥ ಹೊಲಿಗೆ ಊರಲ್ಲಿ ಒಬ್ಬನದೇ.

"ಯಾವತ್ತಿಂದ?"

"ಮೊದಲಿನಿಂದ."

"ನಾನು ಕೈಲಾಗದವಳು ಅಂತ ಮನೆಗೆ ಹೋಗಿ ಕೊರಗ್ತಾ ಇದ್ದೆ."

"ನಿಮ್ಮ ಒಳ್ಳೇದಕ್ಕೇ ಮಾಡಿದೆ. ಪೂರ್ತಿ ಎಳೆತ ಸಿಗದಿದ್ರೆ ಏನೂ ಆಗಲ್ಲ ಅಂದ್ಕೊಂಡೆ. ನಿಮಗೆ ಏನಾದ್ರೂ ಆಗಿದ್ರೆ ನಾನು..."

ಅವಳು ಕೈಯೆತ್ತಿ ತಡೆದಳು.

"ಈ ಮಾತನ್ನ ಆ ಮ್ಯಾನೇಜರ್ ಮೇಜಿನ ಆಕಡೆ ಕೂತು ಹೇಳ್ದ. ನೀವು ಬೆನ್ನ ಹಿಂದೆ ನಿಂತ್ಕೊಂಡು, ಕೈ ಮುಟ್ಟಿ ಹೇಳಿದ್ರಿ. ನಿಮ್ಮದೇ ಹೆಚ್ಚು ನೋಯ್ತು."

ಪಟವನ್ನು ಅಲ್ಲೇ ಬಿಟ್ಟು ನಡೆದಳು. ಅಕ್ಕರೆ ಅನ್ನುವುದು ಹಗ್ಗ ಗಿಡ್ಡ ಮಾಡುವ ಕೆಲಸವಾದರೆ ಅಂಥ ಅಕ್ಕರೆ ಕೊಟ್ಟಿಗೆಗೂ ಬೇಡ, ಅಂದುಕೊಂಡಳು. ಆದರೂ ರಜೆಯ ಬೆಳಿಗ್ಗೆ ಎದ್ದರೆ ಗಾಳಿ ಯಾವ ಕಡೆಯದೆಂದು ಮೈ ತಾನಾಗಿ ಕೇಳುತ್ತಿತ್ತು. ತರಚಿದ ಮೊಣಕೈ ಮಾಗಿತು. ಎರಡು ಬೆರಳಿನ ಜಾಗ ಮಾಗಲಿಲ್ಲ.

ಒಂದು ಮಧ್ಯಾಹ್ನ ಅವನು ಅವಳ ಬಸ್ಸು ಹತ್ತಿದ. ಡ್ರೈವರ್ ಸೀಟಿನ ಹಿಂದೆಯೇ ಕೂತ.

"ಎಲ್ಲಿಗಪ್ಪ?" ಕೇಳಿದಳು ಕಂಡಕ್ಟರಕ್ಕ.

"ಬಸ್ಸು ಎಲ್ಲಿಗೆ ಹೋಗುತ್ತೋ ಅಲ್ಲಿಗೆ."

"ಇದು ಎಲ್ಲಿಗೂ ಹೋಗಲ್ಲ. ಸುತ್ತುತ್ತೆ ಅಷ್ಟೆ."

"ಹಾಗಾದ್ರೆ ಒಂದು ಸುತ್ತು ಕೊಡಿ."

ಡ್ರೈವರಿನ ಕನ್ನಡಿಯಲ್ಲಿ ಇಬ್ಬರ ಕಣ್ಣು ಕೂಡಿದವು. ಅವಳು ಗೇರ್ ಬದಲಿಸಿದಳು, ಬೇಕಾದ್ದಕ್ಕಿಂತ ಜೋರಾಗಿ.

"ಚಾಲಕರ ಜೊತೆ ಮಾತಾಡಬಾರದು ಅಂತ ಬರೆದಿದೆ. ಓದಿ."

"ನಾನು ಆಡ್ತೀನಿ. ನೀವು ಆಡ್ಬೇಡಿ."

ಹಿಂದಿನ ಸೀಟಿನ ಮುದುಕ ಕಿವಿಯ ಹಿಂದೆ ಕೈ ಹಿಡಿದು ಮುಂದಕ್ಕೆ ಬಾಗಿದ.

"ನಾನು ಹೊಲಿದ ಪಟ ಹಿಡಿದು ಒಬ್ಬ ಗೆಳೆಯ ಸೊಂಟ ಮುರ್ಕೊಂಡ," ಅಂದ ಅವನು ತಗ್ಗಿದ ದನಿಯಲ್ಲಿ. "ಹೊಲಿಗೆ ಸರಿಯಾಗೇ ಇತ್ತು. ಗಾಳಿ ಎತ್ತಿ ಹಾಕ್ತು. ಅವನು ಬಿದ್ದ ಸದ್ದು ಕಿವಿಯಲ್ಲೇ ಇದೆ. ನೀವು ಬಗ್ಗೀಲಿ ಕೂತಾಗೆಲ್ಲ ಅದೇ ಕೇಳಿಸೋದು."

ಬಸ್ಸು ಸ್ಟಾಪಿನಲ್ಲಿ ನಿಂತಿತು. ಜನ ಇಳಿದರು, ಹತ್ತಿದರು. ಅವಳು ಮುಂದಿನ ಗಾಜನ್ನೇ ನೋಡುತ್ತ ಹೇಳಿದಳು:

"ಇದನ್ನ ಆವತ್ತೇ ಹೇಳಿದ್ರೆ ನಾನೂ ಹೆದರ್ತಿದ್ದೆ. ಹೆದರ್ಕೊಂಡು, ಏನು ಮಾಡಬೇಕು ಅಂತ ನಾನೇ ಯೋಚಿಸ್ತಿದ್ದೆ. ನನ್ನ ಪಾಲಿನ ಹೆದರಿಕೇನೂ ನೀವೇ ಇಟ್ಕೊಂಡ್ಬಿಟ್ರಿ."

"ತಪ್ಪಾಯ್ತು. ಗಂಟು ಬಿಚ್ಚಿದ್ದೀನಿ."

"ನೀವ್ಯಾಕೆ ಬಿಚ್ಚಿದ್ರಿ? ನಾನು ಬಿಚ್ತಿದ್ದೆ."

ಅವನು ಗಾಬರಿಯಾದ. "ಮತ್ತೆ ಹಾಕ್ಲಾ?"

ಅವಳು ತುಟಿ ಕಚ್ಚಿದಳು. ನಗು ಕನ್ನಡಿಯಲ್ಲಿ ಕಂಡೇ ಕಂಡಿತು. "ರಜೆಯ ದಿನ ಪಟ ತನ್ನಿ ಅಂತ ಹೇಳ್ಬಿಡಮ್ಮ, ಹಿಂದೆ ಲಾರಿ ಹಾರ್ನ್ ಹೊಡೀತಾ ಇದೆ," ಅಂದಳು ಕಂಡಕ್ಟರಕ್ಕ.

ರಜೆಯ ದಿನ ಅವನು ಕೆರೆಯಂಗಳಕ್ಕೆ ಎರಡು ಪಟ ತಂದಿದ್ದ. ನೀಲಿಯದು, ಅದೇ ಜಾತಿಯ ಇನ್ನೂ ಚಿಕ್ಕ ಹಳದಿಯದು. ದಾರ ಬೇರೆಯಾಗಿ ಸುತ್ತಿಟ್ಟಿದ್ದ. ತಂದವನು ದೂರ ಸರಿದು ನಿಂತ.

ಅವಳು ಅವಸರ ಮಾಡಲಿಲ್ಲ. ಒಂದು ಹಿಡಿ ಮಣ್ಣನ್ನು ಬೆರಳ ಸಂದಿನಿಂದ ಉದುರಿಸಿದಳು. ನೇರ ಬಿತ್ತು. ನೀಲಿ ಪಟಕ್ಕೆ ಕೈ ಹಾಕಿದವಳು ತಡೆದು, ಕಾದಳು. ಗುಡ್ಡದ ಬುಡದಲ್ಲಿ ಧೂಳೆದ್ದಿತು. ಎದ್ದ ಧೂಳು ಓಡಿಬಂದು ಅವಳನ್ನು ಅರ್ಧ ಹೆಜ್ಜೆ ಹಿಂದಕ್ಕೆ ತಳ್ಳಿತು. ಮತ್ತೆ ಗಾಳಿ ಸತ್ತಿತು. ಅವಳು ನೀಲಿಯನ್ನು ಬಿಟ್ಟು ಹಳದಿಯನ್ನು ಎತ್ತಿಕೊಂಡಳು.

"ನೀವಾಗಿದ್ರೆ ಯಾವುದು ಆರಿಸ್ತಿದ್ರಿ?"

"ಕೇಳ್ತಿದ್ದೀರಾ, ಪರೀಕ್ಷೆ ಮಾಡ್ತಿದ್ದೀರಾ?"

"ಕೇಳ್ತಿದ್ದೀನಿ."

"ಇದನ್ನೇ."

ದಾರಗಳನ್ನು ಅವಳೇ ಕಟ್ಟಿದಳು. ಅವನ ಬೆರಳುಗಳು ತಮ್ಮಷ್ಟಕ್ಕೆ ಆಡುತ್ತಿದ್ದವು.

"ಒಂದ್ಸಲ ನೋಡ್ಲಾ?"

"ನೋಡಿ. ಮುಟ್ಬೇಡಿ."

ಅವನು ಕೈ ಹಿಂದೆ ಕಟ್ಟಿ, ಬಾಗಿ, ಒಂದೊಂದೇ ಗಂಟನ್ನು ನೋಡಿದ. ಅವನ ಉಸಿರು ಅವಳ ಮಣಿಕಟ್ಟಿಗೆ ತಾಕಿತು. "ಸರಿಯಾಗಿದೆ," ಅಂದ. ಹಿಂದೆ ಸರಿದು ನಿಂತ.

ಪಟ ಎದ್ದಿತು. ಬಗ್ಗಿ ಈ ಸಲ ತೆವಳಲಿಲ್ಲ. ನೆಲ ಕಾಲಡಿಯಿಂದ ಹಿಂದಕ್ಕೆ ಜಾರಿತು. ಗಾಳಿ ಸೊರಗಿದಾಗ ಹಳದಿ ಪಟ ತೂಕಡಿಸಿ ಕಾದು ನಿಂತಿತು, ಬಂದಾಗ ಎಳೆಯಿತು. ಅವಳು ಕೆರೆಯ ಆಚೆ ಅಂಚಿನಲ್ಲಿ ಒಂದು ಚುಕ್ಕೆಯಷ್ಟಾದಳು. ತಿರುಗಿ ಬರುವಾಗ ಆ ಒದೆತ ಬಂತು. ಒಂದು ಚಕ್ರ ನೆಲ ಬಿಟ್ಟಿತು. ಹೆದರಿಕೆ ಪೂರ್ತಿಯಾಗಿ ಬಂತು. ಅದು ಅವಳದೇ ಹೆದರಿಕೆ. ಮುಂದಿನ ಚಕ್ರವನ್ನು ಕಾಲಿಂದ ಒತ್ತಿ ಬಗ್ಗಿಯನ್ನು ಗಾಳಿಗೆದುರಾಗಿ ತಿರುಗಿಸಿದಳು, ಎರಡೂ ಬ್ರೇಕ್ ಎಳೆದಳು. ಪಟ ಬೆನ್ನು ಬಾಗಿಸಿ, ಹಿಂದೆ ಸರಿದು, ನೆಲಕ್ಕೆ ಕೂತಿತು.

ಎದೆ ಬಡಿತ ಇಳಿದ ಮೇಲೆ ಅವನನ್ನು ಹುಡುಕಿದಳು. ಅವನು ಓಡಿ ಬರುತ್ತಿರಲಿಲ್ಲ. ಬಿಟ್ಟುಹೋದ ಜಾಗದಲ್ಲೇ ನಿಂತಿದ್ದ.

"ಬನ್ನಿ!" ಅಂತ ಕೂಗಿದಳು.

ಆಗ ಬಂದ. ಹತ್ತಿರ ಬಂದವನ ಮುಖ ಬಿಳಿಚಿತ್ತು. ಅಂಗೈಗಳಲ್ಲಿ ಉಗುರು ಊರಿದ ಗುರುತುಗಳಿದ್ದವು. ಒಂದೆರಡರಲ್ಲಿ ರಕ್ತ ಜಿನುಗುತ್ತಿತ್ತು.

"ಇದೇನು?"

"ನಿಂತಿದ್ದೆ," ಅಂದ. "ಅಷ್ಟೆ."

ಅವಳು ಆ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಧೂಳು ತುಂಬಿದ ತನ್ನ ಕೆನ್ನೆಗೆ ಒತ್ತಿಕೊಂಡಳು. ಅವನು ಅಳುತ್ತಿದ್ದ. ಅವಳು ತಡೆಯಲಿಲ್ಲ.