ಇಲಿವಾರದ ಈಜು

ನಂಬುವವರು ನಂಬಲಿ, ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಧಾರವಾಡದ ಒಂದು ಔಷಧ ಕಾಲೇಜಿನಲ್ಲಿ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ತೊಂಬತ್ತೆಂಟನೆಯ ಇಸವಿ, ಗಣೇಶ ಚೌತಿಯ ಮರುದಿನ, ಇಲಿವಾರ. ನಮ್ಮ ಹಳ್ಳಿಯ ಕಡೆ ಅಂದು ಇಲಿಗೆ ಎಡೆ ಇಡುತ್ತಾರೆ. ಯಾರೂ ಅದಕ್ಕೆ ಕೈ ಮಾಡುವುದಿಲ್ಲ.

"ಇವತ್ತೊಂದಿನ ಪ್ರಯೋಗ ಬ್ಯಾಡ್ರಿ ಸರ," ಅಂದೆ.

ಪ್ರಯೋಗ ಮಾಡಿಸುವ ಯಜ್ಞೇಶ್ವರ ಸರ್ ನಕ್ಕರು. "ಯಾಕ ದ್ರಾಕ್ಷಾಯಿಣಿ, ಗಣಪ್ಪ ನಡಕೊಂಡು ಹೋಗಬೇಕಾಗ್ತದೇನು?"

ನನಗೆ ಮೈಯೆಲ್ಲ ಉರಿಯಿತು. ತೊಟ್ಟಿಯಲ್ಲಿ ಹಾಲಿನ ಪುಡಿ ಕದಡಿದ ನೀರು, ಅದರೊಳಗೆ ಇಲಿ ಹತ್ತಿ ನಿಲ್ಲಲೆಂದು ಕಾಣದಂತೆ ಮುಳುಗಿಸಿಟ್ಟ ಒಂದು ಮಣೆ. ನಾನು ಸಾಕಿದ ಬಿಳಿ ಇಲಿ ಎಷ್ಟೋ ದಿನ ಈಜಿ ಈಜಿ ಆ ಮಣೆಯ ಜಾಗ ಕಲಿತಿತ್ತು. ಸರ್ ಅದಕ್ಕೆ ಸ್ಕೋಪಾಲಮಿನ್ ಚುಚ್ಚಿದರು. ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ನಿನ ಕೆಲಸ ತಡೆದು ನೆನಪು ಕೆಡಿಸುವ ಮದ್ದು ಅದು. ಇಲಿ ಮಣೆಯನ್ನು ಮರೆತು, ತೊಟ್ಟಿಯ ಅಂಚು ಹಿಡಿದು ಸುತ್ತಿತು, ಸುತ್ತುತ್ತಲೇ ಇತ್ತು.

"ಎತ್ರಿ ಸರ, ಸಾಯಾಕತ್ತೈತಿ!"

"ಸುಮ್ನಿರು, ನೋಡೋಣ." ಸರ್ ನನಗೆ ಅಡ್ಡ ಹಿಡಿದ ಕೈ ತೆಗೆಯಲಿಲ್ಲ. ಇಲಿ ಮುಳುಗಿತು.

ಶಿವನನ್ನು ನೆನೆದು ಅದನ್ನು ಹುಗಿದು ಬಂದೆ. ತೊಟ್ಟಿ ಬರಿದು ಮಾಡಿ ಒರೆಸಿಟ್ಟೆ.

ಮಧ್ಯಾಹ್ನ ಆ ಖಾಲಿ ತೊಟ್ಟಿಯೊಳಗಿಂದ ನೀರು ಬಡಿಯುವ ಸದ್ದು ಬಂತು. ಓಡಿಹೋಗಿ ತೊಟ್ಟಿಯ ಕೋಣೆಯ ಬಾಗಿಲು ತೆರೆದೆ. ಸರ್ ಗೋಡೆಗೆ ಭುಜ ಉಜ್ಜುತ್ತ ಕೋಣೆ ಸುತ್ತುತ್ತಿದ್ದರು. ತೆರೆದ ಬಾಗಿಲಿನ ಮುಂದೆಯೇ ಹಾದುಹೋದರು. ಮತ್ತೆ ಬಂದು ಮತ್ತೆ ಹಾದುಹೋದರು.

"ಬಾಗಲಾ ಎಲ್ಲದ ದ್ರಾಕ್ಷಾಯಿಣಿ?"

"ಇಲ್ಲೇ ಐತಲ್ರಿ, ಕಣ್ಣಿಲ್ಲೇನ್ರಿ?" ಸಿಟ್ಟಿನಲ್ಲೇ ರಟ್ಟೆ ಹಿಡಿದು ಹೊರಗೆಳೆದೆ.

ಅವರ ಅಂಗಿ ಕುತ್ತಿಗೆಯ ತನಕ ತೊಯ್ದಿತ್ತು, ಹಾಲಿನ ವಾಸನೆ ಹೊಡೆಯುತ್ತಿತ್ತು. ತೊಟ್ಟಿ ಮಾತ್ರ ನಾನು ಒರೆಸಿಟ್ಟ ಹಾಗೆಯೇ ಒಣಗಿತ್ತು.