ಅಂತೆ ಬಿಟ್ಟು ಹೇಳಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಪುಟ್ಟ ಲಾಡ್ಜ್. ಬೋರ್ಡಿನ ಅಕ್ಷರಗಳು ಮಾಸಿ ಎಷ್ಟೋ ಕಾಲವಾಗಿತ್ತು. ಆದರೂ ಗುರುತು ಪರಿಚಯವಿಲ್ಲದವರು ಬ್ಯಾಗು ಹೊತ್ತು ನೇರವಾಗಿ ಬಂದು, “ಮೇಲಿನ ಕಿಟಕಿ ರೂಮು ಚೆನ್ನಾಗಿದೆಯಂತೆ, ಅದನ್ನೇ ಕೊಡಿ” ಎನ್ನುತ್ತಿದ್ದರು. ಒಬ್ಬ ಹಿರಿಯರಂತೂ, “ಓನರ್ ನಗೋದು ಕಮ್ಮಿಯಂತೆ, ನಕ್ಕರೆ ನೋಡ್ಬೇಕಂತೆ” ಎಂದುಬಿಟ್ಟಿದ್ದರು.

“ಯಾರು ಹೇಳಿದ್ದು?”

“ಯಾರೋ ಹೇಳಿದ್ರಮ್ಮ.”

ಆ ಯಾರೋ ಯಾರು? ದಿಂಬಿಗೆ ಕವರು ಹಾಕುವಾಗಲೂ ಅವಳಿಗೆ ಅದೇ ಗುಂಗು.

ಎರಡು ವಾರದಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಹೀಗೇ ಆದರೆ ಬಾಗಿಲು ಹಾಕಬೇಕಾದೀತು ಎಂದು ಜೊತೆಗಿದ್ದ ಅವಳ ಚಿಕ್ಕಮ್ಮ ಗೊಣಗುತ್ತಿರುವಾಗ ಸೇಲ್ಸ್‌ಮನ್ ಒಬ್ಬ ಒಳಗೆ ಇಣುಕಿದ.

“ಅರೆ, ತೆರೆದೇ ಇದೆಯಲ್ಲ! ಮುಚ್ತಾರಂತೆ ಅಂದ್ರು, ಬಸ್‌ಸ್ಟ್ಯಾಂಡ್ ವಿಚಾರಣೆ ಕೌಂಟರಿನವರು.”

ಅವಳ ಕೈ ಕೀಲಿಗೊಂಚಲಿನ ಮೇಲೇ ನಿಂತಿತು. ಆ ಕೌಂಟರಿನವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದೇ ಕಿಟಕಿ ರೂಮಿನಲ್ಲಿದ್ದ. ಮಾತು ಕಡಿಮೆ. ಬಾಡಿಗೆ ಮನೆ ಸಿಕ್ಕಿ ಹೊರಟ ದಿನ ಕೀಲಿ ಕೊಡುತ್ತಾ ಏನನ್ನೋ ಹೇಳಲು ಬಾಯಿ ತೆರೆದು, “ಮಳೆ ಬರುತ್ತಂತೆ” ಎಂದು ಹೊರಟುಹೋಗಿದ್ದ. ಮಳೆ ಬರಲೇ ಇಲ್ಲ.

ಅವಳು ನೇರ ಹೋಗಿ ಕೌಂಟರಿನ ಸಾಲಿನಲ್ಲಿ ನಿಂತಳು.

“ಉಳ್ಕೊಳ್ಳೋಕೆ ಒಳ್ಳೆ ಜಾಗ ಇದೆಯಾ?”

ಅವನು ತಲೆ ಎತ್ತಲಿಲ್ಲ. “ಹಿಂದಿನ ಬೀದೀಲಿ ಒಂದಿತ್ತು. ಮುಚ್ತಾರಂತೆ.”

“ಯಾಕಂತೆ?”

“ಓನರ್‌ಗೆ ಮದುವೆಯಂತೆ.”

“ಹೌದಾ! ಗಂಡು ಯಾರಂತೆ?”

ಆಗ ನೋಡಿದ. ಕಿವಿಯ ತುದಿ ಕೆಂಪಾಯಿತು.

“ಕಂಡಕ್ಟರ್ ಹೇಳಿದ್ರು. ಅವರಿಗೆ ನಿಮ್ಮ ಚಿಕ್ಕಮ್ಮ…”

“ಈ ವರ್ಷನಾದ್ರೂ ಇವಳಿಗೊಂದು ಮದುವೆ ಆಗ್ಲಪ್ಪ ಅಂದಿದ್ರು, ಅಷ್ಟೇ. ಅದು ಒಂದು ಬೀದಿ ದಾಟೋಷ್ಟರಲ್ಲಿ ಗಂಡೂ ಸಿಕ್ಕಿಬಿಟ್ನಾ?” ಅವಳು ಗಾಜಿನ ತೂತಿನ ಹತ್ತಿರಕ್ಕೆ ಬಾಗಿದಳು. “ಇಷ್ಟು ದಿನ ಜನ ಕಳಿಸ್ತಿದ್ದದ್ದೂ ನೀವೇನಾ?”

“ಹ್ಞೂಂ.”

“ನಕ್ಕರೆ ನೋಡ್ಬೇಕಂತೆ ಅಂದಿದ್ದು?”

ಅವನು ಬಸ್ಸಿನ ವೇಳಾಪಟ್ಟಿಯತ್ತ ಕಣ್ಣು ತಿರುಗಿಸಿದ. ಆ ಸಂಕೋಚ ಅವಳಿಗೆ ಹಳೆಯ ಪರಿಚಯ. ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಅದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು.

“ಅಂತೆ ಬಿಟ್ಟು ಹೇಳಿ,” ಎಂದಳು ಮೆಲ್ಲಗೆ.

“ನೀವು ನಕ್ಕರೆ… ನಾನು ಬಸ್ಸಿನ ಟೈಮೆಲ್ಲ ಮರೆತುಬಿಡ್ತೀನಿ.”

ಅವಳಿಗೆ ನಗು ತಡೆಯಲಾಗಲಿಲ್ಲ.

ಹಿಂದೆ ನಿಂತಿದ್ದ ಹೆಂಗಸು ತಾಳ್ಮೆಗೆಟ್ಟು ಕೇಳಿದಳು. “ಆ ಲಾಡ್ಜ್ ಮುಚ್ತಾರಂತಾ?”

“ಇಲ್ಲಮ್ಮ, ಮುಚ್ಚಲ್ಲ,” ಎಂದು ಇವಳೇ ನಗುತ್ತಾ ತಿರುಗಿದಳು. “ಮದುವೆ ಮಾತ್ರ ಇದೆಯಂತೆ.”

“ಯಾರ ಜೊತೆಯಂತೆ?”

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. “ವಿಚಾರಣೆ ಕೌಂಟರಲ್ಲೇ ಕೇಳಿ.”